ಪೇಟೆ ಧಾರಣೆಯ ದಾಖಲೆ

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೊರಟರೆ ಮೊದಲು ಭಟ್ಕಳ, ಆಮೇಲೆ ಹೊನ್ನಾವರ, ಅದರಾಚೆ ಕುಮಟಾ ಸಿಗುತ್ತವೆ. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸಹ್ಯಾದ್ರಿಯ ಸಾಲು. ಶರಾವತಿ, ಅಘನಾಶಿನಿ ನದಿಗಳು ಬೆಟ್ಟವಿಳಿದು ಕಡಲು ಸೇರುವ ಈ ನೆಲದಲ್ಲಿ ಗದ್ದೆಗಳ ಅಂಚಿಗೆ ತೆಂಗು, ಕಣಿವೆಗಳ ತಂಪಿನಲ್ಲಿ ಅಡಿಕೆ ಬೆಳೆಯುತ್ತವೆ. ಇಲ್ಲಿನ ಹಲವು ಮನೆಗಳಲ್ಲಿ ಮಕ್ಕಳ ಓದು, ಮದುವೆ, ಮನೆಯ ಮಾಡಿನ ದುರಸ್ತಿ ಇವೆಲ್ಲವೂ ಅಡಿಕೆಯ ಧಾರಣೆಯನ್ನು ಕಾದು ನಿಂತಿರುತ್ತವೆ. ಆದುದರಿಂದ ಬೆಳಗ್ಗೆ ಪತ್ರಿಕೆ ಬಂದೊಡನೆ ಎಷ್ಟೋ ಮಂದಿ ಹಿರಿಯರು ಮೊದಲ ಪುಟವನ್ನು ಬಿಟ್ಟು ನೇರವಾಗಿ ಪೇಟೆ ಧಾರಣೆಯ ಅಂಕಣವನ್ನು ತೆರೆಯುತ್ತಾರೆ.

ಆ ಅಂಕಣದಲ್ಲಿ ಕಾಣುವ ಸಣ್ಣಕ್ಷರದ ಅಂಕಿಗಳು ಎಲ್ಲಿಂದ ಬರುತ್ತವೆ? ಕುಮಟಾದ ಮಾರುಕಟ್ಟೆಯನ್ನೇ ನೋಡಬಹುದು. ಕರಾವಳಿಯ ಬೆಳೆಗಾರರು ಹಣ್ಣಡಿಕೆಯನ್ನು ಸಿಪ್ಪೆಸಹಿತವಾಗಿ ಅಂಗಳದಲ್ಲಿ ಒಂದೂವರೆ ತಿಂಗಳಿನಷ್ಟು ಕಾಲ ಬಿಸಿಲಿಗೆ ಒಣಗಿಸಿ, ಅನಂತರ ಸುಲಿಯುತ್ತಾರೆ. ಹೀಗೆ ಸುಲಿದ ಬಿಳಿಯ ಅಡಿಕೆಗೆ ಚಾಲಿ ಎಂದು ಹೆಸರು. ಅದರಲ್ಲಿ ಹೊಸ ಚಾಲಿ, ಹಳೆ ಚಾಲಿ ಎಂಬ ಭೇದವುಂಟು. ಗುಣದಲ್ಲಿ ಕಡಮೆಯಾದುದನ್ನು ಕೋಕಾ, ಚಿಪ್ಪು, ಫ್ಯಾಕ್ಟರಿ ಎಂದು ಬೇರೆ ಬೇರೆಯಾಗಿ ವಿಂಗಡಿಸುತ್ತಾರೆ. ಮಾರಾಟಕ್ಕೆ ಬಂದ ಅಡಿಕೆಯನ್ನು ಬೇರೆ ಬೇರೆ ಲಾಟುಗಳಾಗಿ ಇಡುತ್ತಾರೆ. ವ್ಯಾಪಾರಿಗಳು ಅದನ್ನು ಕೈಯಲ್ಲಿ ಹಿಡಿದು, ಒಡೆದು, ಒಳಗಿನ ಬಣ್ಣವನ್ನು ಪರೀಕ್ಷಿಸಿ, ತಾವು ಕೊಡಬಲ್ಲ ದರವನ್ನು ಟೆಂಡರಿನಲ್ಲಿ ನಮೂದಿಸುತ್ತಾರೆ. ಹೆಚ್ಚಿನ ದರ ನಮೂದಿಸಿದವರಿಗೆ ಆ ಲಾಟು ಸಲ್ಲುತ್ತದೆ.

ದಿನದ ವ್ಯವಹಾರ ಮುಗಿದ ಮೇಲೆ ಪ್ರತಿಯೊಂದು ಬಗೆಗೂ ಮೂರು ದರಗಳನ್ನು ಬರೆದಿಡಲಾಗುತ್ತದೆ. ಎಲ್ಲಕ್ಕಿಂತ ಕೆಳಗಿನದು ಕನಿಷ್ಠ ದರ. ಎಲ್ಲಕ್ಕಿಂತ ಮೇಲಿನದು ಗರಿಷ್ಠ ದರ. ಹೆಚ್ಚು ಪ್ರಮಾಣದ ಅಡಿಕೆ ಯಾವ ದರಕ್ಕೆ ಮಾರಾಟವಾಯಿತೋ ಅದು ಮಾದರಿ ದರ. ಇವುಗಳ ಜೊತೆಗೆ ಮಾರುಕಟ್ಟೆಗೆ ಬಂದ ಅಡಿಕೆಯ ಒಟ್ಟು ತೂಕವನ್ನೂ ಬರೆಯುತ್ತಾರೆ. 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರಾಟ ಕಾಯಿದೆಯ ಪ್ರಕಾರ ರಚಿತವಾದ ಮಾರುಕಟ್ಟೆ ಸಮಿತಿಗಳು ಇಂತಹ ಲೆಕ್ಕವನ್ನು ಇಡುತ್ತ ಬಂದಿವೆ. 2000ನೆಯ ಇಸವಿಯಲ್ಲಿ ಕೇಂದ್ರ ಸರ್ಕಾರವು ಅಗ್‌ಮಾರ್ಕ್‌ನೆಟ್ ಎಂಬ ಜಾಲವನ್ನು ಆರಂಭಿಸಿ, ದೇಶದ ನಾನಾ ಮಾರುಕಟ್ಟೆಗಳ ಧಾರಣೆಗಳನ್ನು ಗಣಕಯಂತ್ರಗಳಲ್ಲಿ ಒಂದೆಡೆ ಕೂಡಿಡುವ ಏರ್ಪಾಟು ಮಾಡಿತು. ಮೊದಲು ಸಂಜೆಯ ಪೇಟೆಯಲ್ಲಿ ಬಾಯಿಂದ ಬಾಯಿಗೆ ಹರಡಿ ಮರುದಿನವೇ ಮರೆತುಹೋಗುತ್ತಿದ್ದ ಮಾತು ಹೀಗೆ ವರ್ಷಗಟ್ಟಲೆ ಉಳಿಯುವ ದಾಖಲೆಯಾಯಿತು.

ದಾಖಲೆ ಉಳಿಯುತ್ತದೆ ಎಂದಮೇಲೆ ಅದರಲ್ಲಿನ ತಪ್ಪೂ ಉಳಿಯುತ್ತದೆ. ಬರೆಯುವವನು ಮನುಷ್ಯ. ಸಂಜೆಯ ಹೊತ್ತು, ಮುಂದೆ ರಾಶಿ ಚೀಟಿಗಳು, ಹೊರಗೆ ಜಡಿಮಳೆ, ನಡುವೆ ವಿದ್ಯುತ್ತಿನ ಕಣ್ಣುಮುಚ್ಚಾಲೆ. ಒಂದು ಸೊನ್ನೆ ಬಿಟ್ಟುಹೋಗಬಹುದು. ಎರಡು ಅಂಕಿಗಳು ಸ್ಥಾನ ಬದಲಿಸಬಹುದು. ಚಿಪ್ಪಿನ ದರ ಚಾಲಿಯ ಸಾಲಿನಲ್ಲಿ ಬಂದು ಕುಳಿತುಕೊಳ್ಳಬಹುದು. ಇವನ್ನೆಲ್ಲ ಪೂರ್ಣವಾಗಿ ತಪ್ಪಿಸುವುದು ಯಾವ ಕಛೇರಿಗೂ ಸಾಧ್ಯವಾಗಿಲ್ಲ. ತಪ್ಪು ಕಂಡುಬಂದ ಮೇಲೆ ಅದನ್ನು ತಿದ್ದುವುದು ಹೇಗೆ ಎಂಬುದು ನಿಜವಾದ ಪ್ರಶ್ನೆ. ಮೇಲುನೋಟಕ್ಕೆ ಇದು ಪ್ರಶ್ನೆಯೇ ಅಲ್ಲ. ತಪ್ಪಾದುದನ್ನು ಅಳಿಸಿ ಸರಿಯಾದುದನ್ನು ಬರೆದರೆ ಮುಗಿಯಿತು ಎಂದು ತೋರುತ್ತದೆ. ಹಾಗಲ್ಲವೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು.

ಒಂದು ವಾರದ ಸೋಮವಾರದಿಂದ ಶುಕ್ರವಾರದವರೆಗೆ ಚಾಲಿಯ ಮಾದರಿ ದರ ಕ್ವಿಂಟಲಿಗೆ ಕ್ರಮವಾಗಿ 37,000, 37,200, 37,500, 37,100 ಮತ್ತು 37,300 ರೂಪಾಯಿಗಳೆಂದು ಇಟ್ಟುಕೊಳ್ಳೋಣ. ಐದು ದಿನಗಳ ಸರಾಸರಿ 37,220 ರೂಪಾಯಿ. ಬುಧವಾರದ 37,500ನ್ನು ಬರೆಯುವಾಗ ಒಂದು ಸೊನ್ನೆ ಬಿಟ್ಟುಹೋಗಿ ಅದು 3,750 ಆಯಿತೆನ್ನಿ. ಸರಾಸರಿಯು ಒಮ್ಮೆಗೇ 30,470ಕ್ಕೆ ಕುಸಿಯುತ್ತದೆ. ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗೂ ಬೀಳದೆ ಇರದು. ಕನಿಷ್ಠ ದರಕ್ಕಿಂತ ಮಾದರಿ ದರ ಕಡಮೆಯಾಗಲು ಸಾಧ್ಯವಿಲ್ಲವೆಂಬ ಸಣ್ಣ ನಿಯಮವನ್ನು ಗಣಕಯಂತ್ರಕ್ಕೆ ಕಲಿಸಿದ್ದರೆ ಅದೇ ತಡೆದು ಹೇಳುತ್ತದೆ.

ಅದರ ಬದಲು 7 ಮತ್ತು 5 ಎಂಬ ಎರಡು ಅಂಕಿಗಳು ಅದಲುಬದಲಾಗಿ 35,700 ಆಗಿದ್ದರೆ? ಆಗ ಸರಾಸರಿ 36,860 ಆಗುತ್ತದೆ. ನಂಬಲು ಏನೂ ಅಡ್ಡಿಯಿಲ್ಲ. ಅಡಿಕೆಯ ದರ ಒಂದು ದಿನದಲ್ಲಿ ಅಷ್ಟು ಇಳಿಯುವುದು ಅಪರೂಪವಾದರೂ ಕೇಳರಿಯದ ಸಂಗತಿಯೇನಲ್ಲ. ಕಣ್ಣಿಗೆ ಹೊಡೆದು ಕಾಣುವ ತಪ್ಪಿಗಿಂತ ನಂಬುವಂತಿರುವ ತಪ್ಪೇ ಹೆಚ್ಚು ಹಾನಿಕರ.

ಇಂತಹ ತಪ್ಪುಗಳನ್ನು ಹುಡುಕಲು ಹಳೆಯ ಲೆಕ್ಕಿಗರು ಬಳಸುತ್ತಿದ್ದ ಒಂದು ಉಪಾಯವಿದೆ. ಗಣಿತವನ್ನು ಮೆಚ್ಚುವ ವಿದ್ಯಾರ್ಥಿಗಳಿಗೆ ಅದು ರುಚಿಸೀತು. ಸರಿಯಾದ ಮೊತ್ತಕ್ಕೂ ಬರೆದ ಮೊತ್ತಕ್ಕೂ ಇರುವ ಅಂತರವು 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಸ್ಥಾನ ಬದಲಿಸಿರಬಹುದೆಂದು ಅವರು ಶಂಕಿಸುತ್ತಿದ್ದರು. 75 ಎಂದರೆ ಏಳು ಹತ್ತುಗಳು ಮತ್ತು ಐದು. 57 ಎಂದರೆ ಐದು ಹತ್ತುಗಳು ಮತ್ತು ಏಳು. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು 18, ಅಂದರೆ 7 ಮತ್ತು 5ರ ಅಂತರದ ಒಂಬತ್ತು ಪಟ್ಟು. ಮೇಲಿನ ಉದಾಹರಣೆಯಲ್ಲಿ 37,500ಕ್ಕೂ 35,700ಕ್ಕೂ ಇರುವ ಅಂತರ 1,800. ಅದು 9ರ 200 ಪಟ್ಟು. ಸೊನ್ನೆ ಬಿಟ್ಟುಹೋದಾಗಲೂ ಇದೇ ಲಕ್ಷಣ ಕಾಣುತ್ತದೆ: 37,500ರಿಂದ 3,750ನ್ನು ಕಳೆದರೆ 33,750, ಅದೂ 3,750ರ ಒಂಬತ್ತು ಪಟ್ಟು. ಹತ್ತು ಪಟ್ಟಿನಿಂದ ಒಂದು ಪಟ್ಟನ್ನು ಕಳೆದರೆ ಒಂಬತ್ತು ಪಟ್ಟು ಉಳಿಯುವುದು ಸಹಜವೇ. ಆದರೆ ಇದು ಸುಳಿವು ಮಾತ್ರ. ಬೇರೆ ಕಾರಣದಿಂದಲೂ ಅಂತರವು 9ರಿಂದ ಭಾಗವಾಗಬಹುದು. ಮೂಲ ಚೀಟಿಯನ್ನು ತೆಗೆದು ನೋಡದೆ ಯಾವ ಅಂಕಿಯನ್ನೂ ತಿದ್ದಬಾರದು.

ಉದಾಹರಣೆಯನ್ನು ಮುಂದುವರಿಸೋಣ. ಬುಧವಾರದ 35,700 ಎಂಬ ತಪ್ಪು ದರವು ಗುರುವಾರದ ಪತ್ರಿಕೆಯಲ್ಲಿ ಅಚ್ಚಾಯಿತು. ಹೊನ್ನಾವರ ತಾಲ್ಲೂಕಿನ ಒಳಹಳ್ಳಿಯ ಬೆಳೆಗಾರನೊಬ್ಬ ಅದನ್ನು ಓದಿ, ಧಾರಣೆ ಇಳಿಯತೊಡಗಿತೆಂದು ಹೆದರಿದ. ಮನೆಯ ಅಟ್ಟದಲ್ಲಿ ಹತ್ತು ಕ್ವಿಂಟಲ್ ಚಾಲಿ ಇತ್ತು. ಬಾಗಿಲಿಗೆ ಬಂದ ವ್ಯಾಪಾರಿ 36,000ಕ್ಕೆ ಕೇಳಿದ. ಇನ್ನೂ ಇಳಿದೀತೆಂಬ ಭಯದಿಂದ ಅವನು ಕೊಟ್ಟುಬಿಟ್ಟ. ಆ ದಿನ ಪೇಟೆಯಲ್ಲಿ ನಿಜವಾಗಿ ನಡೆದ ದರ 37,100. ಕ್ವಿಂಟಲಿಗೆ 1,100ರಂತೆ ಅವನು ಕಳೆದುಕೊಂಡುದು 11,000 ರೂಪಾಯಿ. ಶನಿವಾರ ಕಛೇರಿಯಲ್ಲಿ ತಪ್ಪು ಪತ್ತೆಯಾಯಿತು. ಗುಮಾಸ್ತನು 35,700ನ್ನು ಅಳಿಸಿ 37,500 ಎಂದು ಬರೆದ. ಈಗ ದಾಖಲೆ ಸರಿಯಾಯಿತು.

ಸರಿಯಾಯಿತೇ? ಎರಡು ವರ್ಷಗಳ ಬಳಿಕ ಆ ಬೆಳೆಗಾರನ ಮಗ ಹಳೆಯ ಧಾರಣೆಗಳನ್ನು ಮನೆಯ ಮಾರಾಟದ ಚೀಟಿಗಳೊಡನೆ ಹೋಲಿಸಿ ನೋಡುತ್ತಾನೆ. ಬುಧವಾರ 37,500, ಗುರುವಾರ 37,100. ತಂದೆ ಕೊಟ್ಟದ್ದು 36,000ಕ್ಕೆ. ಪೇಟೆಯ ಸಮಾಚಾರವನ್ನೂ ಕೇಳದೆ ಅಪ್ಪ ಮೋಸಹೋದನೆಂದೇ ಅವನಿಗೆ ಅನ್ನಿಸುತ್ತದೆ. ತಂದೆಯಾದರೋ ಪತ್ರಿಕೆಯನ್ನು ಓದಿಯೇ ಹಾಗೆ ಮಾಡಿದ್ದ. ಅವನು ಓದಿದ ಅಂಕಿ ಈಗ ದಾಖಲೆಯಲ್ಲಿ ಎಲ್ಲಿಯೂ ಇಲ್ಲ. ತಪ್ಪು ಅಂಕಿಯನ್ನು ಅಳಿಸಿದವನು ಅದರೊಡನೆ ಒಬ್ಬ ಮನುಷ್ಯನ ವಿವೇಕಕ್ಕಿದ್ದ ಸಾಕ್ಷಿಯನ್ನೂ ಅಳಿಸಿಬಿಟ್ಟಿದ್ದ.

ನಮ್ಮ ನಾಡಿನಲ್ಲಿ ಲೆಕ್ಕ ಬರೆಯಲು ಹಿಂದೆ ಕಡತಗಳನ್ನು ಬಳಸುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿಯನ್ನು ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಿಳಿಯ ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರೂ ವರ್ತಕರೂ ಮಠಗಳವರೂ ಇದನ್ನು ಬಳಸುತ್ತಿದ್ದುದುಂಟು. ಜೋಪಾನವಾಗಿ ಕಟ್ಟಿಟ್ಟರೆ ಕಡತವು ಬಹುಕಾಲ ಬಾಳುತ್ತದೆ. ಶೃಂಗೇರಿ ಮಠದ ಹಳೆಯ ಕಡತಗಳು ಇತಿಹಾಸಕಾರರಿಗೆ ಅಮೂಲ್ಯವಾದ ಆಕರಗಳಾಗಿವೆ. ಆದರೆ ಅದಕ್ಕೊಂದು ಗುಣವಿತ್ತು, ಅದೇ ದೋಷವೂ ಆಗಿತ್ತು. ಸ್ಲೇಟಿನ ಮೇಲಿನ ಬರೆಹದಂತೆ ಅದನ್ನು ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಒರೆಸಿದ ಜಾಗದಲ್ಲಿ ಮೊದಲು ಏನಿತ್ತೆಂದು ಹೇಳುವವರಾರು?

ಶಾಯಿಯೂ ಕಾಗದವೂ ಬಂದ ಮೇಲೆ ಲೆಕ್ಕದ ಪುಸ್ತಕಗಳಲ್ಲಿ ಒಂದು ಶಿಸ್ತು ನೆಲೆಗೊಂಡಿತು. ರೋಜುಕೀರ್ದಿಯಲ್ಲಿ ತಪ್ಪಿದರೆ ಕೆರೆದು ಅಳಿಸುವಂತಿಲ್ಲ, ಹಾಳೆಯನ್ನು ಹರಿಯುವಂತಿಲ್ಲ. ತಪ್ಪಾದ ಅಂಕಿ ಓದಲು ಬರುವಂತೆ ಅದರ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು. ಮೇಲ್ಗಡೆ ಸರಿಯಾದ ಅಂಕಿಯನ್ನು ಬರೆದು, ಪಕ್ಕದಲ್ಲಿ ತಾರೀಖು ಹಾಕಿ, ಚಿಕ್ಕ ರುಜು ಮಾಡಬೇಕು. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿರುವುದರಿಂದ ಒಂದು ಹಾಳೆ ಕಾಣೆಯಾದರೂ ತಿಳಿದುಬರುತ್ತದೆ. ಗಣಕಯಂತ್ರವು ಹೊಸದಾಗಿ ಬಂದಾಗ ಅನೇಕರು ಈ ಶಿಸ್ತು ಇನ್ನು ಬೇಡವೆಂದು ಭಾವಿಸಿದರು. ವಾಸ್ತವವಾಗಿ ಗಣಕಯಂತ್ರವು ಈ ವಿಷಯದಲ್ಲಿ ಶಾಯಿಯ ಪುಸ್ತಕಕ್ಕಿಂತ ಕಡತಕ್ಕೇ ಹತ್ತಿರದ ನಂಟ. ಕೀಲಿಯೊಂದನ್ನು ಒತ್ತಿದರೆ ಹಳೆಯ ಅಂಕಿ ಹೋಗಿ ಹೊಸದು ಬರುತ್ತದೆ. ಕೆರೆದ ಗುರುತೂ ಉಳಿಯದು. ಆದುದರಿಂದ ಗೆರೆ ಎಳೆಯುವ ಪದ್ಧತಿಯನ್ನು ಯಂತ್ರದೊಳಗೆ ಬೇಕೆಂದೇ ಕಟ್ಟಬೇಕಾಗುತ್ತದೆ.

ಅದನ್ನು ಕಟ್ಟುವ ರೀತಿ ಸರಳವಾಗಿದೆ. ಪ್ರತಿಯೊಂದು ಧಾರಣೆಗೂ ಒಂದರ ಬದಲು ಎರಡು ತಾರೀಖುಗಳನ್ನು ಇಡುತ್ತಾರೆ. ಮೊದಲನೆಯದು ಆ ಧಾರಣೆ ಯಾವ ದಿನದ್ದು ಎಂಬುದು. ಎರಡನೆಯದು ಅದು ದಾಖಲೆಗೆ ಯಾವ ದಿನ ಸೇರಿತು ಎಂಬುದು. ಮೇಲಿನ ಉದಾಹರಣೆಯಲ್ಲಿ ಮೊದಲ ಸಾಲು ಹೀಗಿರುತ್ತದೆ: ಬುಧವಾರದ ಧಾರಣೆ 35,700, ಬರೆದುದು ಬುಧವಾರ. ಶನಿವಾರ ತಪ್ಪು ತಿಳಿದಾಗ ಆ ಸಾಲನ್ನು ಮುಟ್ಟುವುದಿಲ್ಲ. ಅದರ ಕೆಳಗೆ ಇನ್ನೊಂದು ಸಾಲನ್ನು ಸೇರಿಸುತ್ತಾರೆ: ಬುಧವಾರದ ಧಾರಣೆ 37,500, ಬರೆದುದು ಶನಿವಾರ, ಕಾರಣ ಅಂಕಿಗಳ ಸ್ಥಾನಪಲ್ಲಟ, ಆಧಾರ ಮೂಲ ಚೀಟಿ. ಈಗ ದಾಖಲೆಯು ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲದು. ಬುಧವಾರದ ನಿಜವಾದ ಧಾರಣೆ ಎಷ್ಟೆಂದು ಕೇಳಿದರೆ ಕೊನೆಯ ಸಾಲನ್ನು ತೋರಿಸುತ್ತದೆ. ಗುರುವಾರದಂದು ಊರಿನ ಜನಕ್ಕೆ ತಿಳಿದಿದ್ದ ಬುಧವಾರದ ಧಾರಣೆ ಎಷ್ಟೆಂದು ಕೇಳಿದರೆ, ಗುರುವಾರದವರೆಗೆ ಬರೆದ ಸಾಲುಗಳನ್ನು ಮಾತ್ರ ನೋಡಿ 35,700 ಎನ್ನುತ್ತದೆ. ಬೆಳೆಗಾರನ ಮಗನಿಗೆ ಬೇಕಾಗಿದ್ದುದು ಈ ಎರಡನೆಯ ಉತ್ತರ.

ತಿದ್ದುವ ಅಧಿಕಾರ ಯಾರಿಗಿರಬೇಕೆಂಬುದೂ ಸಣ್ಣ ವಿಷಯವಲ್ಲ. ಬರೆದವನೇ ತಿದ್ದುವವನೂ ಒಪ್ಪುವವನೂ ಆದರೆ ತಪ್ಪಿಗೂ ವಂಚನೆಗೂ ನಡುವಿನ ಬೇಲಿ ಬಹಳ ತಗ್ಗಾಗುತ್ತದೆ. ಆದುದರಿಂದ ಒಬ್ಬನು ತಿದ್ದುಪಡಿಯನ್ನು ಸೂಚಿಸುವುದೂ ಮತ್ತೊಬ್ಬನು ಮೂಲದೊಡನೆ ತಾಳೆ ನೋಡಿ ಒಪ್ಪುವುದೂ ಒಳ್ಳೆಯ ಪದ್ಧತಿ. ಬ್ಯಾಂಕುಗಳಲ್ಲಿ ಈ ಕ್ರಮ ಬಹು ಹಿಂದಿನಿಂದ ಬಂದಿದೆ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ತಪ್ಪಿನಂತೆ ಕಾಣುವುದೆಲ್ಲ ತಪ್ಪಲ್ಲ. ಹೊಸ ಬೆಳೆಯ ಚಾಲಿ ಪೇಟೆಗೆ ಬಂದಾಗ, ಅದುವರೆಗೆ ಹೊಸ ಚಾಲಿ ಎನಿಸಿಕೊಂಡಿದ್ದುದು ಹಳೆ ಚಾಲಿಯ ಸಾಲಿಗೆ ಸೇರುತ್ತದೆ. ಹೊಸದಾಗಿ ಸುಲಿದ ಅಡಿಕೆಗೆ ದರ ಸಾಮಾನ್ಯವಾಗಿ ಕಡಮೆ. ಹೀಗಾಗಿ ಹೊಸ ಚಾಲಿ ಎಂಬ ಸಾಲಿನಲ್ಲಿ ಧಾರಣೆ ಒಮ್ಮೆಗೇ ಇಳಿದಂತೆ ಕಾಣುತ್ತದೆ. ಬೆಲೆ ಇಳಿದಿಲ್ಲ, ಹೆಸರು ಕೈ ಬದಲಾಯಿಸಿದೆ. ಇದನ್ನರಿಯದ ದೂರದ ನಗರದ ಲೆಕ್ಕಿಗನು ಆ ಇಳಿತವನ್ನು ತಪ್ಪೆಂದು ಬಗೆದು ತಿದ್ದಿದರೆ, ಸರಿಯಾದ ದಾಖಲೆಯನ್ನು ಕೆಡಿಸಿದಂತಾಗುತ್ತದೆ.

ಹೆಸರಿನ ಮಾತು ಬಂದಾಗ ಕುಮಟಾದ ಹಳೆಯ ವೈಭವವನ್ನು ನೆನೆಯದಿರಲಾಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಎತ್ತುಗಳ ಮೇಲೂ ಬಂಡಿಗಳಲ್ಲೂ ಘಟ್ಟವಿಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಹಡಗುಗಳಲ್ಲಿ ಮುಂಬಯಿಗೆ ಸಾಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರದಂತಾದಾಗ, ಈ ಕಡೆಯ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಹತ್ತಿಯ ಪೇಟೆಗಳಲ್ಲಿ ‘ಕುಮಟಾ’ ಎಂಬುದೇ ಒಂದು ಬಗೆಯ ಹತ್ತಿಯ ಹೆಸರಾಯಿತು. ಕುಮಟಾದಲ್ಲಿಯೋ ಹತ್ತಿ ಬೆಳೆಯುತ್ತಿರಲಿಲ್ಲ. ಹಳೆಯ ಧಾರಣೆಪಟ್ಟಿಯಲ್ಲಿ ಆ ಹೆಸರನ್ನು ಕಂಡು ಇದು ಕರಾವಳಿಯ ಬೆಳೆಯೆಂದು ಯಾರಾದರೂ ‘ತಿದ್ದಿ’ ಬರೆದರೆ ಇತಿಹಾಸವೇ ತಲೆಕೆಳಗಾದೀತು.

ಹಳೆಯ ಅಂಕಿಗಳ ಅಳತೆಗಳೂ ಹೀಗೆಯೇ ಮೋಸಗೊಳಿಸುತ್ತವೆ. ಈ ಜಿಲ್ಲೆಯು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಬಂದಿತು. ಮದರಾಸಿನ ಮಣ ಸುಮಾರು 11.3 ಕಿಲೋಗ್ರಾಂ, ಮುಂಬಯಿಯ ಮಣ ಸುಮಾರು 12.7 ಕಿಲೋಗ್ರಾಂ, ಸರ್ಕಾರಿ ಮಣ 37 ಕಿಲೋಗ್ರಾಮಿಗೂ ಮಿಗಿಲು. ಕೇವಲ ‘ಮಣಕ್ಕೆ ಇಷ್ಟು’ ಎಂದು ಬರೆದ ಧಾರಣೆಯನ್ನು ಯಾವ ಮಣವೆಂದು ತಿಳಿಯದೆ ಕಿಲೋಗ್ರಾಮಿಗೆ ಪರಿವರ್ತಿಸುವುದು ಅಪಾಯದ ಕೆಲಸ. ಹಣದ ಕಥೆಯೂ ಹಾಗೆಯೇ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಆಯಿತು. ಅದಕ್ಕೆ ಮೊದಲು ಹದಿನಾರು ಆಣೆ ಇತ್ತು. ಎಂಟಾಣೆ ಎಂದರೆ ಸರಿಯಾಗಿ 50 ಪೈಸೆ. ಐದಾಣೆ ಎಂದರೆ 31.25 ಪೈಸೆ, ಕಾಲು ಪೈಸೆಯ ನಾಣ್ಯವಿಲ್ಲವಾದ್ದರಿಂದ ಅದನ್ನು 31 ಎಂದೇ ಬರೆಯಬೇಕಾಗುತ್ತಿತ್ತು. ಹೀಗೆ ಪರಿವರ್ತಿಸಿದ ಅಂಕಿ ಮೂಲದಷ್ಟು ನಿಖರವಲ್ಲ. ಆದುದರಿಂದ ಪರಿವರ್ತನೆಯ ಪಕ್ಕದಲ್ಲಿ ಮೂಲದ ಆಣೆಯೂ ಮಣವೂ ಉಳಿದಿರಲೇಬೇಕು.

ಕಂಪನಿಗಳ ಷೇರುಗಳ ಧಾರಣೆಯಲ್ಲಿಯೂ ಇಂತಹ ಸಂದರ್ಭಗಳು ಬರುತ್ತವೆ. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು 2018ರ ಸೆಪ್ಟೆಂಬರ್‌ನಲ್ಲಿ ಒಂದು ಷೇರಿಗೆ ಇನ್ನೊಂದು ಷೇರನ್ನು ಬೋನಸ್ ಆಗಿ ಕೊಟ್ಟಿತು. ಒಂದಿದ್ದುದು ಎರಡಾದುದರಿಂದ ಪ್ರತಿಯೊಂದರ ಬೆಲೆ ಸುಮಾರು ಅರ್ಧಕ್ಕೆ ಬಂದಿತು. ಷೇರು ಇಟ್ಟುಕೊಂಡವರು ಏನನ್ನೂ ಕಳೆದುಕೊಳ್ಳಲಿಲ್ಲ. ಹಿಂದಿನ ವರ್ಷಗಳ ಬೆಲೆಯೊಡನೆ ಹೋಲಿಸಬೇಕಾದವರು ಹಳೆಯ ಬೆಲೆಗಳನ್ನು ಎರಡರಿಂದ ಭಾಗಿಸಿಕೊಳ್ಳುತ್ತಾರೆ. ಆದರೆ ಅಂದು ನಿಜವಾಗಿ ಕೈಬದಲಾದ ಬೆಲೆ ಭಾಗಿಸದ ಬೆಲೆಯೇ. ಅದನ್ನು ಬೇರೆಯಾಗಿಯೇ ಕಾಯ್ದಿಡುತ್ತಾರೆ.

2012ರ ಅಕ್ಟೋಬರ್ 5ರಂದು ಮುಂಬಯಿಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ನಡೆದುದು ಇನ್ನೂ ವಿಚಿತ್ರ. ಒಂದು ದಲಾಲಿ ಸಂಸ್ಥೆಯಿಂದ ತಪ್ಪಾಗಿ ಹೋದ 59 ಆದೇಶಗಳಿಂದ 650 ಕೋಟಿ ರೂಪಾಯಿಗೂ ಹೆಚ್ಚಿನ ಷೇರುಗಳು ಕ್ಷಣಮಾತ್ರದಲ್ಲಿ ಮಾರಾಟವಾದವು. ನಿಫ್ಟಿ ಸೂಚ್ಯಂಕವು ಸುಮಾರು 900 ಅಂಶಗಳಷ್ಟು ಕುಸಿದು 4,888ಕ್ಕೆ ಇಳಿಯಿತು. ಕಾಲು ಗಂಟೆಯಷ್ಟು ಕಾಲ ವ್ಯವಹಾರವೇ ನಿಂತಿತು. ಆದೇಶ ತಪ್ಪಾಗಿತ್ತು, ನಿಜ. ಆದರೆ ಆ ಬೆಲೆಗೆ ಕೊಟ್ಟವರು ಕೊಟ್ಟಿದ್ದರು, ಕೊಂಡವರು ಕೊಂಡಿದ್ದರು. ಬರೆದವನ ಕೈ ತಪ್ಪಿದರೆ ದಾಖಲೆಯನ್ನು ತಿದ್ದಬೇಕು. ಮಾರಿದವನ ಕೈ ತಪ್ಪಿದರೆ ದಾಖಲೆ ಅದನ್ನು ಇದ್ದಂತೆಯೇ ಹೇಳಬೇಕು. ಎರಡನ್ನೂ ಒಂದೇ ಎಂದು ಬಗೆಯುವುದು ಈ ಕೆಲಸದಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು.

ಇನ್ನು ಕೆಲವು ದಿನ ಧಾರಣೆಯೇ ಇರುವುದಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಮೀನುಗಳ ಸಂತಾನಾಭಿವೃದ್ಧಿಗಾಗಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಭಟ್ಕಳದ ಬಂದರು, ಹೊನ್ನಾವರದ ಕಾಸರಕೋಡು, ಕುಮಟಾ ತಾಲ್ಲೂಕಿನ ತದಡಿ ಇವುಗಳಲ್ಲಿ ಆಗ ದೊಡ್ಡ ದೋಣಿಗಳು ದಡದಲ್ಲಿಯೇ ನಿಂತಿರುತ್ತವೆ. ಆ ದೋಣಿಗಳು ತರುವ ಮೀನಿನ ಹರಾಜು ನಡೆಯದ ದಿನ ಧಾರಣೆಯ ಕೋಷ್ಟಕದಲ್ಲಿ ಏನು ಬರೆಯಬೇಕು? ಅವಸರದಲ್ಲಿ ಸೊನ್ನೆ ಬರೆದರೆ ಮೀನನ್ನು ಪುಕ್ಕಟೆಯಾಗಿ ಕೊಟ್ಟರೆಂದು ಅರ್ಥವಾಗುತ್ತದೆ. ಯಂತ್ರವು ಆ ಸೊನ್ನೆಗಳನ್ನೂ ಕೂಡಿಸಿ ವರ್ಷದ ಸರಾಸರಿಯನ್ನು ತಗ್ಗಿಸುತ್ತದೆ. ಹಿಂದಿನ ದಿನದ ದರವನ್ನೇ ಮತ್ತೆ ಬರೆದರೆ ನಡೆಯದ ಹರಾಜನ್ನು ನಡೆಸಿದಂತಾಗುತ್ತದೆ. ಆ ಮನೆಯನ್ನು ಖಾಲಿ ಬಿಟ್ಟು ‘ವ್ಯವಹಾರವಿಲ್ಲ’ ಎಂದು ಬರೆಯುವುದೇ ಯುಕ್ತ. ಇಲ್ಲದಿರುವುದಕ್ಕೂ ಸೊನ್ನೆಗೂ ಇರುವ ಈ ಭೇದ ಅಲ್ಪವೆಂದು ತೋರಿದರೂ, ದಾಖಲೆಗಳಲ್ಲಿ ಬೇಗ ಪತ್ತೆಯಾಗದ ತಪ್ಪುಗಳಲ್ಲಿ ಇದೂ ಒಂದು.

ತಪ್ಪು ಅಂಕಿಯೊಂದು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ದೇಶದ ಮಟ್ಟದ ಒಂದು ನಿದರ್ಶನವಿದೆ. ಭಾರತದ ಕೈಗಾರಿಕಾ ಉತ್ಪಾದನೆಯು 2012ರ ಜನವರಿಯಲ್ಲಿ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇಕಡ 6.8ರಷ್ಟು ಹೆಚ್ಚಿತೆಂದು ಮಾರ್ಚ್‌ನಲ್ಲಿ ಪ್ರಕಟವಾಯಿತು. ಷೇರುಪೇಟೆಯವರು, ಪತ್ರಿಕೆಗಳವರು, ಸರ್ಕಾರದವರು ಅದನ್ನು ನಂಬಿ ಮಾತನಾಡಿದರು. ಮರುತಿಂಗಳು ಆ ಅಂಕಿಯನ್ನು ಶೇಕಡ 1.1ಕ್ಕೆ ಇಳಿಸಬೇಕಾಯಿತು. ಸಕ್ಕರೆಯ ಉತ್ಪಾದನೆಯನ್ನು ಸುಮಾರು 58 ಲಕ್ಷ ಟನ್ ಎನ್ನುವ ಬದಲು ಸುಮಾರು 134 ಲಕ್ಷ ಟನ್ ಎಂದು ಲೆಕ್ಕಕ್ಕೆ ಹಿಡಿದುದೇ ಇದಕ್ಕೆ ಮುಖ್ಯ ಕಾರಣ. ನೂರಾರು ಸರಕುಗಳ ಲೆಕ್ಕದಲ್ಲಿ ಒಂದೇ ಒಂದು ಸಾಲು! ಆ ಪ್ರಸಂಗದಲ್ಲಿ ಮೆಚ್ಚಬೇಕಾದುದೆಂದರೆ, ಹಳೆಯ ಅಂಕಿ ಯಾವುದು, ಹೊಸದು ಯಾವುದು, ಬದಲಾವಣೆ ಏಕಾಯಿತು ಎಂಬ ಮೂರನ್ನೂ ಬಹಿರಂಗವಾಗಿ ತಿಳಿಸಿದುದು. ಮುಜುಗರವಾಯಿತು, ಟೀಕೆಗಳೂ ಬಂದವು. ಗುಟ್ಟಾಗಿ ಬದಲಿಸಿದ್ದರೆ ಮುಂದಿನ ಯಾವ ಅಂಕಿಯನ್ನೂ ಯಾರೂ ನಂಬುತ್ತಿರಲಿಲ್ಲ.

ತಪ್ಪಲ್ಲದಿದ್ದರೂ ಬದಲಾಗಲೇಬೇಕಾದ ಅಂಕಿಗಳೂ ಇರುತ್ತವೆ. ಸಗಟು ಬೆಲೆಗಳ ಸೂಚ್ಯಂಕವನ್ನು ಪ್ರಕಟಿಸುವಾಗ ಎಲ್ಲ ಊರುಗಳ ವರದಿಗಳು ಬಂದಿರುವುದಿಲ್ಲ. ಎಲ್ಲರಿಗಾಗಿ ಕಾದರೆ ಅಂಕಿ ಹಳಸುತ್ತದೆ, ಕಾಯದಿದ್ದರೆ ಅಪೂರ್ಣವಾಗಿರುತ್ತದೆ. ಆದ್ದರಿಂದ 2011-12ನ್ನು ಆಧಾರ ವರ್ಷವಾಗಿ ಇಟ್ಟುಕೊಂಡ ಸರಣಿಯಲ್ಲಿ ಮೊದಲು ತಾತ್ಕಾಲಿಕ ಅಂಕಿಯನ್ನು ಕೊಟ್ಟು, ಹತ್ತು ವಾರಗಳ ಬಳಿಕ ಅಂತಿಮ ಅಂಕಿಯನ್ನು ನಿಗದಿಮಾಡುವ ಕ್ರಮವನ್ನು ಇಟ್ಟುಕೊಳ್ಳಲಾಯಿತು. ‘ತಾತ್ಕಾಲಿಕ’ ಎಂಬ ಒಂದು ಶಬ್ದವನ್ನು ಮೊದಲೇ ಹಚ್ಚಿಟ್ಟರೆ ಓದುವವನು ಎಚ್ಚರದಿಂದಿರುತ್ತಾನೆ.

ಮೂಲದಲ್ಲಿ ತಿದ್ದಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕುಮಟಾದಲ್ಲಿ ಬರೆದ ಒಂದು ಧಾರಣೆ ಸಂಜೆಯೊಳಗೆ ಹತ್ತಾರು ಕಡೆ ನಕಲಾಗುತ್ತದೆ. ಪತ್ರಿಕೆಯ ಕಛೇರಿ, ಸಹಕಾರಿ ಸಂಘದ ಫಲಕ, ಸರ್ಕಾರದ ಜಾಲ, ಬೆಳೆಗಾರರ ಕೈಯಲ್ಲಿನ ಮೊಬೈಲ್, ಎಲ್ಲೆಡೆಯೂ ಅದರ ಪ್ರತಿಗಳು. ಆ ಧಾರಣೆಯಿಂದ ಲೆಕ್ಕಹಾಕಿದ ವಾರದ ಸರಾಸರಿ, ತಿಂಗಳ ಸರಾಸರಿಗಳೂ ಇರುತ್ತವೆ. ಮೂಲವನ್ನು ತಿದ್ದಿದಾಗ ಇವೆಲ್ಲವನ್ನೂ ಮತ್ತೆ ಲೆಕ್ಕಹಾಕಬೇಕು. ನಕಲು ಪಡೆದವರಿಗೆಲ್ಲ ಹೇಳಿಕಳುಹಿಸಬೇಕು. ಯಾರು ಯಾರು ಒಯ್ದರೆಂಬ ಪಟ್ಟಿಯಿದ್ದರೆ ಇದು ಸಾಧ್ಯ. ತಪ್ಪು ಅಚ್ಚಾದ ಪುಟದಲ್ಲಿಯೇ, ಅದೇ ಗಾತ್ರದ ಅಕ್ಷರಗಳಲ್ಲಿ ತಿದ್ದುಪಡಿಯನ್ನೂ ಅಚ್ಚುಹಾಕುವ ಪತ್ರಿಕೆ ಅಪರೂಪ.

ಕೆಲವು ನಕಲುಗಳಿಗೆ ಯಾವ ಓಲೆಯೂ ಮುಟ್ಟುವುದಿಲ್ಲ. ಈ ಸೀಮೆಯ ಮನೆಗಳಲ್ಲಿ ಜಗಲಿಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಮೇಲೆ ಯಜಮಾನರು ಹಾಲಿನ ಲೆಕ್ಕ, ಆಳಿನ ಲೆಕ್ಕಗಳ ಜೊತೆಗೆ ಅಡಿಕೆಯ ಧಾರಣೆಯನ್ನೂ ಪೆನ್ಸಿಲಿನಿಂದ ಗುರುತುಹಾಕಿಕೊಳ್ಳುವುದುಂಟು. ಮೇಲಿನ ಉದಾಹರಣೆಯ ಬೆಳೆಗಾರನ ಕ್ಯಾಲೆಂಡರಿನಲ್ಲಿ ಬುಧವಾರದ ಚೌಕದೊಳಗೆ 35,700 ಎಂದೇ ಬರೆದಿರುತ್ತದೆ. ವರ್ಷ ಮುಗಿದ ಮೇಲೆ ಅಂತಹ ಕ್ಯಾಲೆಂಡರುಗಳನ್ನು ಎಸೆಯದೆ ಸುತ್ತಿ ಅಟ್ಟದ ಮೇಲೆ ಇಡುವ ಮನೆಗಳಿವೆ. ಕಛೇರಿಯ ಪುಸ್ತಕದಲ್ಲಿ ಹಳೆಯ ಸಾಲು ಉಳಿದಿದ್ದರೆ ಅಟ್ಟದ ಕ್ಯಾಲೆಂಡರಿಗೂ ಅದಕ್ಕೂ ತಾಳೆ ಸಿಗುತ್ತದೆ. ಮಗನು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಪೆನ್ಸಿಲಿನ ಅಂಕಿಯ ಮೇಲೆ ಓದಲು ಬರುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ 37,500 ಎಂದು ಬರೆದು, ತಾನು ಬರೆದ ದಿನದ ತಾರೀಖನ್ನು ಹಾಕಬಹುದು.